ಎಂ9 ಕೊಳ್ಳುವ ಮುನ್ನ ಆಕಾಶದ ಒಂದು ಚಿತ್ರ ಕೇಳಿ

ಪರಿಚಯದವರೊಬ್ಬರು ತಮ್ಮ ಬಳಿಯಿರುವ, ಜರ್ಮನಿಯ ಲೈಕಾ ಕಂಪನಿಯ ಎಂ9 ಕ್ಯಾಮೆರಾವನ್ನು ಎರಡೂವರೆ ಲಕ್ಷ ರೂಪಾಯಿಗೆ ಕೊಡಲು ಸಿದ್ಧರಿದ್ದಾರೆ, ಆದರೆ ಇಷ್ಟು ದುಬಾರಿಯ ಡಿಜಿಟಲ್ ರೇಂಜ್‌ಫೈಂಡರ್‌ಗಳು (ಎರಡು ಬಿಂಬಗಳನ್ನು ಕೂಡಿಸಿ ದೂರ ಅಳೆದು ಕೈಯಿಂದ ಫೋಕಸ್ ಮಾಡುವ ಕ್ಯಾಮೆರಾಗಳು) ಪದೇ ಪದೇ ಕೆಡುತ್ತವೆ, ಕೆಟ್ಟರೆ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ ಎಂದು ಕೇಳಿದ್ದೇನೆ, ಇದು ಎಷ್ಟು ನಿಜ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೇಳಿದ್ದು ಬಹುಮಟ್ಟಿಗೆ ನಿಜವೇ. ಆದರೆ ‘ಕೆಡುವುದು’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲೆತುಹೋಗಿವೆ. ಒಂದು, ಫೋಕಸ್‌ಗಾಗಿ ಮಾಡುವ ದೂರದ ಅಳತೆ ತಪ್ಪುವುದು. ಇದನ್ನು ಕೈಚಳಕ ಬಲ್ಲವರು ಸರಿಪಡಿಸಬಲ್ಲರು. ಇನ್ನೊಂದು, ಎಲೆಕ್ಟ್ರಾನಿಕ್ ಭಾಗ ಸಾಯುವುದು; ಇಲ್ಲಿ ಎಂಥ ಕುಶಲಕರ್ಮಿಯಾದರೂ ಸರಿಯೇ, ಬದಲಿ ಭಾಗ ಎಲ್ಲಾದರೂ ಗೋದಾಮಿನಲ್ಲಿ ಉಳಿದಿದ್ದರೆ ಮಾತ್ರ ದುರಸ್ತಿ, ಇಲ್ಲದಿದ್ದರೆ ಇಲ್ಲ. ನೀವು ಹೆದರಬೇಕಾದದ್ದು ಎರಡನೆಯದಕ್ಕೆ.

ನಾನು ಹನ್ನೊಂದು ವರ್ಷಗಳಿಂದ ಈ ಬಗೆಯ ಕ್ಯಾಮೆರಾ ಬಳಸುತ್ತಿದ್ದೇನೆ. ನನ್ನದು ಯಾವ ಮಾದರಿ, ಅದನ್ನು ದುರಸ್ತಿಗೆ ತೆಗೆದುಕೊಂಡವರು ಯಾರು ಎಂಬುದು ಇಲ್ಲಿ ಬೇಡ. ಎಲ್ಲರಿಗೂ ತಿಳಿದ, ತಯಾರಕರೇ ಒಪ್ಪಿಕೊಂಡ ಸಂಗತಿಗಳನ್ನು ಮಾತ್ರ ಹೆಸರು ಹಿಡಿದು ಹೇಳುತ್ತೇನೆ.

ಮೊದಲು ಅಳತೆಯ ವಿಷಯ. ರೇಂಜ್‌ಫೈಂಡರಿನ ಕಿಂಡಿಯಲ್ಲಿ ಕಣ್ಣಿಟ್ಟರೆ ನಡುವೆ ಒಂದು ಸಣ್ಣ ಬೆಳಕಿನ ಚೌಕ ಕಾಣುತ್ತದೆ. ಅದರೊಳಗೆ ವಸ್ತುವಿಗೆ ಎರಡು ಬಿಂಬಗಳಿರುತ್ತವೆ, ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಅವು ಒಂದರ ಮೇಲೊಂದು ಬಂದು ಕೂರುತ್ತವೆ. ಈ ಏರ್ಪಾಡಿನೊಳಗೆ ಮೋಟಾರು ಇಲ್ಲ, ಎಲೆಕ್ಟ್ರಾನಿಕ್ ಚಿಪ್ ಇಲ್ಲ. ಲೆನ್ಸಿನ ಹಿಂಭಾಗದ ಲೋಹದ ಅಂಚು ಒಂದು ಪುಟ್ಟ ಗಾಲಿಯನ್ನು ಒತ್ತುತ್ತದೆ, ಗಾಲಿ ಒಂದು ತೋಳನ್ನು ತಳ್ಳುತ್ತದೆ, ತೋಳು ಬಿಂಬವನ್ನು ಸರಿಸುತ್ತದೆ. 1954ರ ಲೈಕಾ ಎಂ3ರಲ್ಲಿದ್ದ ಏರ್ಪಾಡಿನ ಮರಿಯೇ ಇದು. ವಿಚಿತ್ರವೆಂದರೆ ಅಳತೆಯ ಸೂಕ್ಷ್ಮತೆಯಲ್ಲಿ ಅಜ್ಜನೇ ಮುಂದೆ. ಆ ಎರಡು ಬಿಂಬಗಳು ಒಳಬರುವ, ಕ್ಯಾಮೆರಾದ ಮುಂಭಾಗದ ಎರಡು ಕಿಂಡಿಗಳ ನಡುವಿನ ಅಂತರವನ್ನು ವ್ಯೂಫೈಂಡರಿನ ವರ್ಧನೆಯಿಂದ ಗುಣಿಸಿದರೆ ಎಂ9ರಲ್ಲಿ ಸುಮಾರು 47 ಮಿಲಿಮೀಟರ್ ಸಿಗುತ್ತದೆ, ಎಂ3ರಲ್ಲಿ ಅದು 60ಕ್ಕೂ ಹೆಚ್ಚು.

ಫಿಲ್ಮಿನ ಕಾಲದಲ್ಲಿ ಈ ಏರ್ಪಾಡಿನ ಸಣ್ಣಪುಟ್ಟ ತಪ್ಪುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಏಕೆಂದರೆ ಫಿಲ್ಮೇ ಪೂರ್ತಿ ಚಪ್ಪಟೆಯಾಗಿ ಕೂರುವ ವಸ್ತುವಲ್ಲ, ಉಳಿದದ್ದನ್ನು ಅದರ ತರಿ ಮುಚ್ಚಿಹಾಕುತ್ತಿತ್ತು. ಈಗ ಚಿತ್ರವನ್ನು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ ರೆಪ್ಪೆಯ ಕೂದಲು ಎಣಿಸುತ್ತೇವೆ. 50 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕು ಹಾಯುವ ರಂಧ್ರ) ಎಫ್ 1.4ಕ್ಕೆ ಅಗಲವಾಗಿ ತೆರೆದು 0.7 ಮೀಟರ್ ದೂರದ ಮುಖ ತೆಗೆದರೆ, ಫಿಲ್ಮಿನ ಹಳೆಯ ಲೆಕ್ಕದಲ್ಲೇ ಸ್ಪಷ್ಟವಾಗಿ ಬರುವ ಆಳ ಒಂದೂವರೆ ಸೆಂಟಿಮೀಟರ್ ಮಾತ್ರ; ಪರದೆಯ ಲೆಕ್ಕದಲ್ಲಿ ಅದಕ್ಕಿಂತಲೂ ಕಡಿಮೆ. ತೋಳು ಕೂದಲೆಳೆಯಷ್ಟು ಸರಿದರೂ ಈ ಆಳ ತಪ್ಪಿಹೋಗುತ್ತದೆ.

ಹೇಗೆ ಸರಿಯುತ್ತದೆ ಎಂದರೆ, ನನಗೆ ಅದು ಬೈಕಿನ ಟ್ಯಾಂಕ್ ಮೇಲಿನ ಚೀಲದಿಂದ ಗೊತ್ತಾಯಿತು. ಆಗುಂಬೆ ಘಟ್ಟ ಇಳಿದು ಒಂದು ಯಕ್ಷಗಾನ ಮೇಳದ ಚೌಕಿಗೆ (ಬಣ್ಣದ ಮನೆಗೆ) ಹೋಗಿದ್ದೆ. ಬಣ್ಣ ಹಚ್ಚಿಕೊಳ್ಳುತ್ತಿದ್ದ ಕಲಾವಿದರ ಕಣ್ಣಿಗೆ ಎರಡು ಬಿಂಬಗಳನ್ನು ಕರಾರುವಾಕ್ಕಾಗಿ ಕೂರಿಸಿ ನಲವತ್ತು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ನಲವತ್ತರಲ್ಲೂ ಕಣ್ಣು ಮಸುಕು, ಕಿವಿಯ ಕರ್ಣಪತ್ರದ ಒಂದೊಂದು ಮಣಿಯೂ ಸ್ಪಷ್ಟ. ಹೋಗುವ ಮೊದಲು ಸರಿಯಿದ್ದ ಅಳತೆ ದಾರಿಯ ಅದುರಿಗೆ ಸಡಿಲವಾಗಿತ್ತು. ತಪ್ಪು ನನ್ನದೇ, ಕ್ಯಾಮೆರಾ ಬೆನ್ನಿಗಿರಬೇಕಿತ್ತು, ಎಂಜಿನ್ನಿನ ಮೇಲಲ್ಲ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಒಂದೆರಡು ಕಿಲೋಮೀಟರ್ ದೂರದ ಮೊಬೈಲ್ ಟವರನ್ನು ಹುಡುಕಿ, ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ ನೋಡಿ. ಟವರಿನ ಕಂಬ ಒಂದೇ ಆಗಿ ಕಾಣಬೇಕು, ಪಕ್ಕದಲ್ಲಾಗಲಿ ಮೇಲೆ ಕೆಳಗಾಗಲಿ ನೆರಳಿನಂಥ ಎರಡನೇ ಗೆರೆ ಇರಬಾರದು. ಆಮೇಲೆ ಗೋಡೆಯ ಕ್ಯಾಲೆಂಡರನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಕ್ಯಾಮೆರಾವನ್ನು ಆಧಾರದ ಮೇಲೆ ಭದ್ರವಾಗಿ ಕೂರಿಸಿ, 45 ಡಿಗ್ರಿ ಓರೆಯಲ್ಲಿ ಒಂದು ಮೀಟರ್ ದೂರದಿಂದ 15ನೇ ತಾರೀಖಿಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಚಿತ್ರ ತೆಗೆಯಿರಿ. ಚಿತ್ರದಲ್ಲಿ 8 ಅಥವಾ 22 ಸ್ಪಷ್ಟವಾಗಿದ್ದು 15 ಮಸುಕಾಗಿದ್ದರೆ ಅಳತೆ ತಪ್ಪಿದೆ ಎಂದರ್ಥ. ಇದನ್ನು ಕನಿಷ್ಠ ಎರಡು ಲೆನ್ಸ್ ಹಾಕಿ ಮಾಡಬೇಕು. ಎರಡರಲ್ಲೂ ಒಂದೇ ಬಗೆಯ ತಪ್ಪು ಬಂದರೆ ದೋಷ ಕ್ಯಾಮೆರಾದ್ದು, ಬೇರೆ ಬೇರೆಯಾಗಿ ಬಂದರೆ ಲೆನ್ಸಿನದೂ ಇರಬಹುದು.

ಲೆನ್ಸ್ ತೆಗೆದು ಒಳಗೆ ಇಣುಕಿದರೆ ಮೇಲ್ಭಾಗದಲ್ಲಿ ಆ ಗಾಲಿ ಕಾಣುತ್ತದೆ. ಅದರ ಅಚ್ಚು ನಡುಮಧ್ಯದಲ್ಲಿಲ್ಲದ ಕಾರಣ, ಸಣ್ಣ ಷಟ್ಕೋನ ಕೀಲಿಯಿಂದ ಅದನ್ನು ತುಸು ತಿರುಗಿಸಿ ಅನಂತದ ಅಳತೆಯನ್ನು ಸರಿಪಡಿಸಬಹುದು. ನಾನೂ ಒಂದು ಭಾನುವಾರ ಧೈರ್ಯ ಮಾಡಿದೆ. ಬೆಳಗ್ಗೆ ಹತ್ತಕ್ಕೆ ಟವರ್ ಸರಿಯಾಯಿತು, ಹನ್ನೊಂದಕ್ಕೆ ಕ್ಯಾಲೆಂಡರ್ ಕೆಟ್ಟಿತು. ಹತ್ತಿರದ ಅಳತೆ ತೋಳಿನ ಉದ್ದದಿಂದ ನಿರ್ಧಾರವಾಗುತ್ತದೆ, ಅದನ್ನು ಮುಟ್ಟಿದರೆ ಅನಂತ ಮತ್ತೆ ಕದಲುತ್ತದೆ. ಸಂಜೆಯ ಹೊತ್ತಿಗೆ ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ಗಾಲಿಯನ್ನು ತಿರುಗಿಸುವುದು ಸುಲಭವೆಂದು ವಿಡಿಯೋಗಳಲ್ಲಿ ತೋರಿಸುವವರು ಅನಂತದ ಪರೀಕ್ಷೆಯನ್ನಷ್ಟೇ ತೋರಿಸಿ ಮುಗಿಸುತ್ತಾರೆ. ಆದರೂ ಇದು ದುರಸ್ತಿಯಾಗುವ ತೊಂದರೆ ಎಂಬುದನ್ನು ಮರೆಯಬೇಡಿ. ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ಕೈ ಪಳಗಿದವರಿಗೆ ಇದು ಅರ್ಧ ದಿನದ ಕೆಲಸ.

ಈಗ ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕನ್ನು ಹಿಡಿಯುವ ಎಲೆಕ್ಟ್ರಾನಿಕ್ ಫಲಕ. ನಿಮ್ಮ ಎರಡೂವರೆ ಲಕ್ಷದ ಪ್ರಶ್ನೆ ಇರುವುದು ಇಲ್ಲಿ.

ಲೈಕಾ ಎಂ ಸರಣಿಯಲ್ಲಿ ಮೌಂಟಿನಿಂದ (ಲೆನ್ಸ್ ಕೂರುವ ಲೋಹದ ಉಂಗುರ) ಫಿಲ್ಮಿನ ಸಮತಲಕ್ಕೆ 27.8 ಮಿ.ಮೀ. ಮಾತ್ರ ದೂರ, ಹಲವು ಲೆನ್ಸ್‌ಗಳ ಹಿಂದಿನ ಗಾಜು ಮೌಂಟನ್ನೂ ದಾಟಿ ಒಳಗೆ ಚಾಚಿರುತ್ತದೆ. ಹಾಗಾಗಿ ಅಂಚುಗಳಿಗೆ ಬೆಳಕು ತೀರಾ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಇದರಿಂದ ಬಾಧೆಯಿರಲಿಲ್ಲ. ಸೆನ್ಸರ್‌ಗಾದರೋ ಮೇಲೊಂದು ಫಿಲ್ಟರ್ ಗಾಜು ಬೇಕು, ಇಲ್ಲದಿದ್ದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಚಿತ್ರದಲ್ಲಿ ಸೇರಿಕೊಳ್ಳುತ್ತದೆ. ಆ ಗಾಜು ದಪ್ಪವಾದಷ್ಟೂ ಓರೆ ಬೆಳಕು ಬಾಗಿ ಚಿತ್ರದ ಅಂಚುಗಳು ಕಲಸಿಹೋಗುತ್ತವೆ. ಅಂದರೆ ಗಾಜು ತೆಳ್ಳಗಿರಬೇಕು, ಆದರೂ ಅವಕೆಂಪನ್ನು ತಡೆಯಬೇಕು. ಈ ಕ್ಯಾಮೆರಾಗಳ ಅರ್ಧ ಸಂಕಟ ಇದೊಂದೇ ಇಕ್ಕಟ್ಟಿನಿಂದ ಹುಟ್ಟಿದ್ದು.

2006ರಲ್ಲಿ ಬಂದ, ಎಂ9ರ ಹಿಂದಿನ ಮಾದರಿಯಾದ ಎಂ8ರಲ್ಲಿ ಗಾಜು ಕೇವಲ 0.5 ಮಿ.ಮೀ. ಇತ್ತು. ಅಂಚುಗಳು ಚೆನ್ನಾಗಿ ಬಂದವು, ಆದರೆ ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆ ಮಿಶ್ರಿತ ಕೆಂಪಾಗಿ ಕಾಣಿಸತೊಡಗಿದವು. ಕಪ್ಪು ಕೋಟಿನ ಮದುಮಗ ನೇರಳೆ ಕೋಟಿನಲ್ಲಿ ನಿಂತರೆ ಛಾಯಾಗ್ರಾಹಕನ ಗತಿಯೇನು? ಕ್ಯಾಮೆರಾ ಕೊಂಡವರಿಗೆಲ್ಲ ಕಂಪನಿಯು ಲೆನ್ಸಿನ ಮುಂದೆ ಹಾಕಿಕೊಳ್ಳಲು ಎರಡೆರಡು ಫಿಲ್ಟರ್‌ಗಳನ್ನು ಉಚಿತವಾಗಿ ಕೊಟ್ಟಿತು. 2009ರ ಸೆಪ್ಟೆಂಬರ್‌ನಲ್ಲಿ 18 ಮೆಗಾಪಿಕ್ಸೆಲ್‌ನ, ಪೂರ್ಣ ಚೌಕಟ್ಟಿನ (ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಎಂ9 ಬಂದಾಗ ಗಾಜನ್ನು 0.8 ಮಿ.ಮೀ.ಗೆ ಏರಿಸಿ, ಅವಕೆಂಪನ್ನು ಬಲವಾಗಿ ಹೀರುವ ಎಸ್8612 ಎಂಬ ಗಾಜನ್ನು ಬಳಸಿದರು. ಅಮೆರಿಕದಲ್ಲಿ ಆಗ ಆ ಕ್ಯಾಮೆರಾದ ಬೆಲೆ 6,995 ಡಾಲರ್ ಇತ್ತು. ಬಣ್ಣ ಸರಿಹೋಯಿತು, ಆದರೆ ಆ ಗಾಜಿಗೆ ತೇವ ಆಗದು. ಗಾಜಿಗೂ ತುಕ್ಕು ಹಿಡಿಯುತ್ತದೆಯೇ ಎಂದು ನೀವು ಕೇಳಬಹುದು. ಇದಕ್ಕೆ ಹಿಡಿಯಿತು. ಮೇಲಿನ ಲೇಪನದಲ್ಲಿ ಸೂಜಿಮೊನೆಯಷ್ಟು ಬಿರುಕು ಸಿಕ್ಕರೂ ಗಾಳಿಯ ತೇವ ಒಳಸೇರಿ ಗಾಜಿನ ಮೈಯನ್ನು ತಿನ್ನತೊಡಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಮಲೆನಾಡು, ಕರಾವಳಿಗಳಲ್ಲಿ ಇರಿಸಿದ್ದ ಕ್ಯಾಮೆರಾ ಎಂದರೆ ನಾನು ಎರಡು ಸಲ ಯೋಚಿಸುತ್ತೇನೆ.

ಲೈಕಾ 2014ರಲ್ಲಿ ಈ ದೋಷವನ್ನು ಒಪ್ಪಿಕೊಂಡು, ಎಂ9, ಅದರದೇ ಬಳಗದ ಎಂ9-ಪಿ, ಎಂ-ಇ ಮತ್ತು ಕಪ್ಪು ಬಿಳುಪು ಚಿತ್ರ ಮಾತ್ರ ತೆಗೆಯುವ ಮೊದಲ ಮೊನೊಕ್ರೋಮ್ ಕ್ಯಾಮೆರಾಗಳ ಸೆನ್ಸರನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಇದು ದೊಡ್ಡ ಮಾತೇ ಸರಿ. ಆದರೆ ಹೊಸ ಬಗೆಯ ಗಾಜಿನ ಸೆನ್ಸರ್ ಸಿದ್ಧವಾದದ್ದು 2015ರಲ್ಲಿ. ಅದಕ್ಕೂ ಮೊದಲು ಬದಲಿಸಿದವುಗಳಿಗೆ ಹಳೆಯ ಗಾಜನ್ನೇ ಹಾಕಲಾಗಿತ್ತು, ಅವಕ್ಕೂ ತುಕ್ಕು ಹಿಡಿಯಬಹುದು. 2017ರ ನಂತರ, ಕೊಂಡು ಐದು ವರ್ಷ ದಾಟಿದ ಕ್ಯಾಮೆರಾಗಳಿಗೆ ಉಚಿತ ಸೇವೆ ನಿಂತು ಮಾಲೀಕರೂ ಖರ್ಚಿನಲ್ಲಿ ಪಾಲು ಕೊಡಬೇಕಾಯಿತು. ಕೊನೆಗೆ ಸೆನ್ಸರ್‌ಗಳ ದಾಸ್ತಾನೇ ಮುಗಿಯಿತು. ಸಿಸಿಡಿ ಎಂಬ ಬಗೆಯ ಆ ಸೆನ್ಸರನ್ನು ಮಾಡಿದ್ದು ಕೊಡಾಕ್. ಆ ವಿಭಾಗ 2011ರಲ್ಲಿ ಮಾರಾಟವಾಗಿ, 2014ರಲ್ಲಿ ಮತ್ತೊಮ್ಮೆ ಕೈಬದಲಾಯಿತು. 1954ರ ಎಂ3 ಇಂದು ಕೆಟ್ಟರೆ ಲೇತ್ ಇರುವ ಒಬ್ಬ ಜಾಣ ಮೆಕ್ಯಾನಿಕ್ ಅದರ ಭಾಗವನ್ನು ಕಡೆದು ಕೂರಿಸಬಲ್ಲ. 2009ರ ಎಂ9ರ ಸೆನ್ಸರನ್ನು ಯಾರೂ ಲೇತಿನಲ್ಲಿ ಕಡೆಯಲಾರರು. ಗಾಜನ್ನಷ್ಟೇ ಕಿತ್ತು ಬೇರೆ ಗಾಜು ಅಂಟಿಸುವ ಖಾಸಗಿ ದುರಸ್ತಿಗಾರರು ಹೊರದೇಶಗಳಲ್ಲಿದ್ದಾರೆ. ಕೆಲಸ ನಾಜೂಕಿನದು, ಕೆಟ್ಟರೆ ಸೆನ್ಸರ್ ಸಮೇತ ಹೋಗುತ್ತದೆ.

ಉಳಿದ ಮಾದರಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2004ರ ಎಪ್ಸನ್ ಆರ್-ಡಿ1 ಮೊಟ್ಟಮೊದಲ ಡಿಜಿಟಲ್ ರೇಂಜ್‌ಫೈಂಡರ್, ಶಟರಿಗೆ ಸನ್ನೆ ಎಳೆಯುವ ಸೊಗಸಿನ ಯಂತ್ರ. ಆದರೆ ಆ ಕಂಪನಿ ಇಂಥ ಕ್ಯಾಮೆರಾಗಳ ಸಹವಾಸವನ್ನೇ ಬಿಟ್ಟಿದೆ. ಎಂ8ರ ಹಿಂದಿನ ಪರದೆಯಲ್ಲಿ ಕಾಫಿ ಚೆಲ್ಲಿದಂಥ ಕಲೆ ಹಬ್ಬಿದರೆ ಬದಲಿ ಪರದೆ ಸಿಗುವುದಿಲ್ಲ. 2013ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಎಂ ಟೈಪ್ 240ರಲ್ಲಿ ಸಿಮಾಸ್ ಎಂಬ ಬೇರೆ ಬಗೆಯ ಸೆನ್ಸರ್ ಇದೆ, ಅದರ ಗಾಜಿಗೆ ಈ ತುಕ್ಕಿನ ಕಾಟವಿಲ್ಲ; ಮೊದಲ ಕೆಲವು ಕ್ಯಾಮೆರಾಗಳಲ್ಲಿ ಕೊರಳಪಟ್ಟಿ ಸಿಕ್ಕಿಸುವ ಕೊಂಡಿ ಕಳಚಬಹುದೆಂದು ಕಂಪನಿಯೇ ಅವನ್ನು ವಾಪಸ್ ಕರೆಸಿಕೊಂಡಿತ್ತು. 2022ರ ಎಂ11 ನಡುನಡುವೆ ಸ್ತಬ್ಧವಾಗುತ್ತದೆಂದು ಅನೇಕರು ದೂರಿದರು, ಅದಕ್ಕೆ ಹೊಸ ಫರ್ಮ್‌ವೇರ್‌ಗಳು (ಕ್ಯಾಮೆರಾದೊಳಗಿನ ತಂತ್ರಾಂಶ) ಬಂದವು.

ದುರಸ್ತಿಗೆ ಕಳಿಸುವ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಲೆ ಹೇಳಿದ ನನ್ನ ಭಾನುವಾರದ ಸಾಹಸದ ನಂತರ ಕ್ಯಾಮೆರಾವನ್ನು ಒಬ್ಬ ಮಧ್ಯವರ್ತಿಯ ಮೂಲಕ ಹೊರದೇಶಕ್ಕೆ ಕಳಿಸಿದೆ. ಅಂದಾಜು ಪಟ್ಟಿ ಬರಲು ಏಳು ವಾರ ಹಿಡಿಯಿತು, ಕ್ಯಾಮೆರಾ ಬರಲು ಐದು ತಿಂಗಳು. ಜೊತೆಗಿದ್ದ ಚೀಟಿಯಲ್ಲಿ ‘ಸರಿಹೊಂದಿಸಲಾಗಿದೆ’ ಎಂಬ ಅರ್ಥದ ಒಂದೇ ಪದ. ಟವರ್ ಸರಿಯಿತ್ತು, ಕ್ಯಾಲೆಂಡರಿನಲ್ಲಿ ಮಾತ್ರ ಇನ್ನೂ 22ನೇ ತಾರೀಖು. ನಾನು ಹೆಚ್ಚು ಬಳಸುವ ಲೆನ್ಸನ್ನು ಜೊತೆಗೆ ಕಳಿಸಬೇಕಿತ್ತೆಂದು ಆಮೇಲೆ ತಿಳಿಸಿದರು. ಮೊದಲೇ ಕೇಳಿದ್ದರೆ ಕಳಿಸುತ್ತಿರಲಿಲ್ಲವೇ? ಹೀಗೆ ಕಳಿಸಿದ ವಸ್ತು ಮರಳಿ ಬರುವಾಗ, ಅದು ನಮ್ಮದೇ, ದುರಸ್ತಿಗೆ ಹೋಗಿತ್ತು ಎಂದು ಕ್ರಮಸಂಖ್ಯೆ ಸಮೇತ ದಾಖಲೆ ತೋರಿಸಿದರೆ ದುರಸ್ತಿಯ ಖರ್ಚು, ವಿಮೆ ಮತ್ತು ಸಾಗಣೆಯ ಮೊತ್ತಕ್ಕೆ ಮಾತ್ರ ಸುಂಕ ಬೀಳುತ್ತದೆ, ದಾಖಲೆ ಇಲ್ಲದಿದ್ದರೆ ಪೂರ್ತಿ ಬೆಲೆಗೆ. ಜರ್ಮನಿಗೆ ಹೋಗುವ ನೆಂಟರ ಕೈಯಲ್ಲಿ ಲೈಕಾ ಕಂಪನಿಯ ನೆಲೆಯಾದ ವೆಟ್ಜ್ಲಾರ್‌ಗೆ ಕೊಟ್ಟುಕಳಿಸುವುದಾದರೆ, ಹೊರಡುವ ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಲು ಹೇಳಿ.

ಹಾಗಾದರೆ ನೀವು ಮಾಡಬೇಕಾದದ್ದು ಇಷ್ಟು. ಕ್ಯಾಮೆರಾವನ್ನು ಐಎಸ್‌ಒ 160ಕ್ಕಿಟ್ಟು, ಅಪರ್ಚರನ್ನು ಎಫ್ 16ಕ್ಕೆ ಮುಚ್ಚಿ, ಫೋಕಸನ್ನು ಅತಿ ಹತ್ತಿರಕ್ಕೆ ತಿರುಗಿಸಿ, ಮೋಡವಿಲ್ಲದ ಆಕಾಶದ ಒಂದು ಚಿತ್ರ ತೆಗೆದು ಮೂಲ ಕಡತವನ್ನೇ ಕಳಿಸಲು ಮಾರುವವರನ್ನು ಕೇಳಿ. ಅದನ್ನು ಹಿಗ್ಗಿಸಿ ಮೂಲೆ ಮೂಲೆ ನೋಡಿ. ಧೂಳು ಅಂಚಿಲ್ಲದ ಮಸುಕು ಚುಕ್ಕೆಯಾಗಿ ಕಾಣುತ್ತದೆ, ಗಾಳಿ ಊದಿದರೆ ಹೋಗುತ್ತದೆ. ತುಕ್ಕಿನ ಚುಕ್ಕೆಗೆ ಸುತ್ತ ಬೆಳ್ಳನೆಯ ಉಂಗುರವಿರುತ್ತದೆ, ಎಣ್ಣೆಯ ಹನಿ ನೀರಿನ ಮೇಲೆ ಕೂತಂತೆ. ಊದಿದರೂ ಒರೆಸಿದರೂ ಅದು ಇದ್ದಲ್ಲೇ ಇರುತ್ತದೆ. ಜೊತೆಗೆ, 2015ರ ನಂತರ ಹೊಸ ಬಗೆಯ ಸೆನ್ಸರ್ ಹಾಕಿಸಿದ್ದಕ್ಕೆ ಕಂಪನಿಯ ಸೇವಾ ರಸೀದಿಯನ್ನೂ ಕೇಳಿ. ರಸೀದಿಯಿದ್ದು ಆಕಾಶ ಶುಭ್ರವಾಗಿದ್ದರೆ ಎರಡೂವರೆ ಲಕ್ಷಕ್ಕೆ ಚೌಕಾಶಿ ಮಾಡಿ ಕೊಳ್ಳಬಹುದು, ಒಣ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟುಕೊಳ್ಳಿ. ರಸೀದಿಯಿಲ್ಲದಿದ್ದರೆ ಇವತ್ತು ಚುಕ್ಕೆಯಿಲ್ಲದಿದ್ದರೂ ನಾನು ಕೊಳ್ಳುವುದಿಲ್ಲ; ಅದೇ ಹಣಕ್ಕೆ ಟೈಪ್ 240 ಹುಡುಕುತ್ತೇನೆ. ಸಿಸಿಡಿಯ ಬಣ್ಣವೇ ಬೇರೆ ಎಂದು ಮಾರುವವರು ಹೇಳುತ್ತಾರೆ. ಆ ಬಣ್ಣ ನನಗೂ ಇಷ್ಟ, ಆದರೆ ಬದಲಿ ಭಾಗವಿಲ್ಲದ ವಸ್ತುವಿಗೆ ಅಷ್ಟು ಹಣ ಸುರಿಯುವಷ್ಟಲ್ಲ.

ಆಕಾಶದ ಚಿತ್ರ ಕಳಿಸಲು ಅವರು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಮಾತು ಬಿಡಿ. ಕಳಿಸಿದರೆ, ಚುಕ್ಕೆ ಯಾವ ಬಗೆಯದೆಂದು ಅನುಮಾನವಿದ್ದಲ್ಲಿ ಇಲ್ಲೇ ಹಾಕಿ, ನಾನೂ ಒಮ್ಮೆ ನೋಡುತ್ತೇನೆ.