ಎಫ್‌ಟಿಐಆರ್ ಯಂತ್ರ ಎಲ್ಲ ತರಂಗಗಳನ್ನೂ ಒಟ್ಟಿಗೇ ಹೇಗೆ ಅಳೆಯುತ್ತದೆ?

ಎಫ್‌ಟಿಐಆರ್ (ಫೂರಿಯೆ ಟ್ರಾನ್ಸ್‌ಫಾರ್ಮ್ ಇನ್‌ಫ್ರಾರೆಡ್) ಅಂದರೆ ಒಂದು ವಸ್ತು ಇನ್‌ಫ್ರಾರೆಡ್ ಬೆಳಕಿನ ಯಾವ ತರಂಗವನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯಂತ್ರ. ಇನ್‌ಫ್ರಾರೆಡ್ ಬೆಳಕನ್ನು ಬಿಡಿಸದೆ ಒಟ್ಟಿಗೇ ಹಾಯಿಸಿದರೆ, ಸ್ಯಾಂಪಲ್ ಯಾವ ತರಂಗವನ್ನು ಎಷ್ಟು ಹೀರಿತು ಅಂತ ಹೇಗೆ ಗೊತ್ತಾಗುತ್ತದೆ ಅನ್ನೋದು ಪ್ರಶ್ನೆ, ಅಲ್ವಾ? ಗುಟ್ಟೆಲ್ಲ ಓಡಾಡುವ ಕನ್ನಡಿಯಲ್ಲಿದೆ.

ಸಿಲಿಕಾನ್ ಕಾರ್ಬೈಡ್ ಕಡ್ಡಿಯೊಂದು ಕಾದು ಬೆಳಕು ಬಿಡುತ್ತದೆ. ಬೀಮ್ ಸ್ಪ್ಲಿಟರ್ ಅದನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ನಿಂತ ಕನ್ನಡಿಗೆ, ಇನ್ನೊಂದು ಹಿಂದೆ ಮುಂದೆ ಸರಿಯುವ ಕನ್ನಡಿಗೆ ಬಡಿದು ವಾಪಸ್ ಬಂದು ಸೇರುತ್ತವೆ. ಕನ್ನಡಿ ಸರಿದಂತೆ ಪ್ರತಿ ತರಂಗವೂ ತನ್ನದೇ ಲಯದಲ್ಲಿ ಜೋರಾಗಿ, ಮಂಕಾಗಿ, ಮತ್ತೆ ಜೋರಾಗುತ್ತದೆ. ಆ ಬೆಳಕು ಸ್ಯಾಂಪಲ್ ದಾಟಿ ಡಿಟೆಕ್ಟರ್ ಮೇಲೆ ಬೀಳುತ್ತದೆ, ಅಲ್ಲಿ ಸಿಗುವ ಕಲಸುಮೇಲೋಗರದಂಥ ಸಿಗ್ನಲ್‌ನಲ್ಲಿ ಒಂದೊಂದು ಲಯದ ಪಾಲೆಷ್ಟು ಅಂತ ಕಂಪ್ಯೂಟರ್ ಫೂರಿಯೆ ಲೆಕ್ಕದಿಂದ ಬಿಡಿಸುತ್ತದೆ. ಕನ್ನಡಿ ಎಷ್ಟು ಸರಿಯಿತು ಅನ್ನೋದನ್ನು ಸಾಮಾನ್ಯವಾಗಿ 633 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್ ಅಳೆಯುತ್ತದೆ. ಇದು ನನಗೆ ತುಂಬಾ ಇಷ್ಟವಾದ ಉಪಾಯ.

ಸ್ಯಾಂಪಲ್‌ಗೆ ಮುಂಚೆ ಬ್ಯಾಕ್‌ಗ್ರೌಂಡ್, ಅಂದರೆ ಸ್ಯಾಂಪಲ್ ಇಡದೆ ಒಂದು ಖಾಲಿ ಅಳತೆ, ತೆಗೆದುಕೊಳ್ಳೋದು ಬಿಡಬೇಡಿ. ಇಲ್ಲದಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ 2350 cm⁻¹ (ಒಂದು ಸೆಂಟಿಮೀಟರಿಗೆ ಎಷ್ಟು ತರಂಗ ಅನ್ನೋ ಲೆಕ್ಕ) ಹತ್ತಿರ ಸುಮ್ನೆ ಒಂದು ಪೀಕ್ ಎಬ್ಬಿಸುತ್ತದೆ. ಇನ್ನು, ಮಾಮೂಲಿ ಗಾಜು ಈ ಬೆಳಕನ್ನು ನುಂಗುವುದರಿಂದ ಸ್ಪ್ಲಿಟರ್‌ಗೆ ಹೆಚ್ಚಾಗಿ ಪೊಟ್ಯಾಸಿಯಂ ಬ್ರೋಮೈಡ್ ಬಳಸುತ್ತಾರೆ. ಅದು ತೇವಕ್ಕೆ ಬೇಗ ಹಾಳಾಗುತ್ತದೆ, ಮಳೆಗಾಲದಲ್ಲಂತೂ ಯಂತ್ರದೊಳಗಿನ ತೇವ ಹೀರುವ ಸಿಲಿಕಾ ಜೆಲ್ ಬಣ್ಣ ಬದಲಾಗಿದೆಯಾ ಅಂತ ನೋಡ್ತಾ ಇರಿ.