ನಮ್ಮವರು ಗೆದ್ದರೆ ನಮಗೇನು: ಲೆಸ್ಟರಿಗೆ ಹೊರಟವನಿಗೆ

ಇಂಗ್ಲೆಂಡಿನ ಲೆಸ್ಟರಿನಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ, ಸೆಪ್ಟೆಂಬರಿಗೆ ಹೊರಡಬೇಕು ಅಂತ ಹಾವೇರಿಯಿಂದ ಬರೆದಿದ್ದೀಯ. ಬಾಡಿಗೆ, ಚಳಿ, ಊಟ ಎಲ್ಲ ವಿಚಾರಿಸಿ, ಕೊನೆಯಲ್ಲಿ ಅಸಲು ಪ್ರಶ್ನೆ ಇಟ್ಟಿದ್ದೀಯ: "ಅಲ್ಲಿ ಈಗ ವಲಸಿಗರ ಮೇಲೆ ಸಿಟ್ಟು ಜಾಸ್ತಿ ಆಗಿದೆ ಅಂತಾರೆ. ಆದ್ರೆ ಹಿಂದೂ ಒಬ್ಬರು ಪ್ರಧಾನಿ ಆಗಿದ್ದ ದೇಶ, ಪಾರ್ಲಿಮೆಂಟಲ್ಲಿ ನಮ್ಮೋರು ಬೇಕಾದಷ್ಟು ಜನ ಇದ್ದಾರೆ. ನಮಗೇನೂ ತೊಂದರೆ ಆಗಲ್ಲ ಅಲ್ವಾ ಅಕ್ಕ? ಸೆಟ್ಲ್ ಆದ್ಮೇಲೆ ಅಪ್ಪ ಅಮ್ಮನ್ನೂ ಕರೆಸ್ಕೋಬಹುದಾ?"

ಬಾಡಿಗೆ ಲಂಡನ್ನಿಗಿಂತ ಕಡಿಮೆ. ರೂಪಾಯಿಗೆ ಗುಣಿಸಿ ನೋಡಬೇಡ, ನಿದ್ದೆ ಬರಲ್ಲ. ಜಾಕೆಟ್ ಲೆಸ್ಟರಿನಲ್ಲೇ ತಗೋ. ಕುಕ್ಕರ್ ಒಂದು ತಾ. ಜೋಳದ ಹಿಟ್ಟಿಗೆ ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳಿವೆ, ರೊಟ್ಟಿ ಬಡಿಯೋದು ಮಾತ್ರ ನಿಮ್ಮಮ್ಮನ ಹತ್ರ ಈಗಲೇ ಕಲಿತುಕೋ. ಇಷ್ಟು ಸಾಕು, ಉಳಿದದ್ದು ಬಂದಿಳಿದ ಒಂದು ವಾರದಲ್ಲೇ ಗೊತ್ತಾಗುತ್ತೆ.

ನಿನ್ನ ಕೊನೆಯ ಪ್ರಶ್ನೆಗೇ ಬರ್ತೀನಿ. 2004ರ ಜನವರಿಯಲ್ಲಿ ನಾನು ಹೀಥ್ರೋದಲ್ಲಿ ಇಳಿದಾಗ ಇಲ್ಲಿನ ಸಂಪುಟದಲ್ಲಿ ಒಬ್ಬ ಹಿಂದೂ ಇರಲಿಲ್ಲ, ಮುಸ್ಲಿಂ ಇರಲಿಲ್ಲ, ಸಿಖ್ ಇರಲಿಲ್ಲ. ನಮಗೂ ಅದು ತೋಚಲೇ ಇಲ್ಲ ಅನ್ನು. ದಾವಣಗೆರೆಯಿಂದ ಬಂದವರಿಗೆ ಆಗ ಬೇಕಿದ್ದದ್ದು ಹತ್ತಿರದಲ್ಲೊಂದು ಗುಡಿ, ಕನ್ನಡ ಮಾತಾಡುವ ಒಂದು ಮನೆ, ಐದು ನಿಮಿಷದ ಇಂಟರ್ನ್ಯಾಷನಲ್ ಕಾಲಿಂಗ್ ಕಾರ್ಡು. ನಮ್ಮದು ಎಚ್‌ಎಸ್‌ಎಂಪಿ, ಅಂದರೆ ಹೈಲಿ ಸ್ಕಿಲ್ಡ್ ಮೈಗ್ರಂಟ್ ವೀಸಾ. ಊರಲ್ಲಿ ಮನೆ ಖಾಲಿ ಮಾಡಿ, ಕೆಲಸ ಬಿಟ್ಟು, ಇಲ್ಲೇ ನೆಲೆಸುತ್ತೇವೆ ಅಂತ ಬರೆದುಕೊಟ್ಟು ಬಂದವರು ನಾವು. 2006ರಲ್ಲಿ ನಿಯಮ ಬದಲಾಯಿತು. ಕಾಯಂ ವಾಸಕ್ಕೆ ನಾಲ್ಕು ವರ್ಷ ಇದ್ದದ್ದು ಐದಾಯಿತು, ವೀಸಾ ಮುಂದುವರಿಸಲು ಓದು, ಸಂಬಳ, ವಯಸ್ಸಿಗೆ ಅಂಕ ಕೊಡುವ ಹೊಸ ಲೆಕ್ಕ ಬಂತು, ಅದೂ ಆಗಲೇ ಒಳಗೆ ಬಂದು ಕೂತವರಿಗೂ ಅನ್ವಯ. ನಮ್ಮ ಬೀದಿಯಲ್ಲೇ ಒಂದು ಸಂಸಾರ ಸೋಫಾ, ಟಿವಿ ಎಲ್ಲ ಸಿಕ್ಕಿದ ಬೆಲೆಗೆ ಮಾರಿ ಹೈದರಾಬಾದಿಗೆ ವಾಪಸ್ ಹೋಯಿತು. ಆ ಮಗುವಿನ ಸೈಕಲ್ ನಮ್ಮ ಮನೆಗೆ ಬಂತು.

ಅದನ್ನು ಎದುರಿಸಿದ್ದು ಯಾರು ಗೊತ್ತಾ? ನಮ್ಮಂಥ ವೀಸಾದವರೇ ಸೇರಿ ಕಟ್ಟಿಕೊಂಡ ಎಚ್‌ಎಸ್‌ಎಂಪಿ ಫೋರಂ. ಚಂದಾ ಎತ್ತಿ ಹೈಕೋರ್ಟಿಗೆ ಹೋದರು, 2008ರ ಏಪ್ರಿಲ್‌ನಲ್ಲಿ ಗೆದ್ದರು. ನಡುವೆ ಪಾರ್ಲಿಮೆಂಟಿನ ಮಾನವ ಹಕ್ಕುಗಳ ಜಂಟಿ ಸಮಿತಿಯೂ ಈ ಬದಲಾವಣೆ ಅನ್ಯಾಯ ಅಂತ ವರದಿ ಕೊಟ್ಟಿತ್ತು. ಯಾವ ಧರ್ಮದ ಹೆಸರಲ್ಲೂ ನಡೆದ ಹೋರಾಟ ಅಲ್ಲ ಅದು.

ಇನ್ನು "ನಮ್ಮೋರು". ಇತಿಹಾಸ ಸ್ವಲ್ಪ ಕೇಳು, ಬೇಸರ ಪಡಬೇಡ. ಯೆಹೂದಿ ಲಯೋನೆಲ್ ಡಿ ರಾತ್ಸ್‌ಚೈಲ್ಡ್ 1847ರಲ್ಲೇ ಲಂಡನ್ನಿನಿಂದ ಗೆದ್ದರೂ ಕ್ರೈಸ್ತ ನಂಬಿಕೆಯ ಮೇಲೆ ಪ್ರಮಾಣ ಮಾಡಲು ಒಪ್ಪದೆ 1858ರವರೆಗೆ ಸದನದಲ್ಲಿ ಕೂರಲಾಗಲಿಲ್ಲ. ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್‌ನಲ್ಲಿ ಬೆರಳೆಣಿಕೆಯ ಮತಗಳಿಂದ ಗೆದ್ದರು. ಅದಕ್ಕೂ ಮುಂಚೆ, 1888ರಲ್ಲಿ, ಆಗಿನ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿಯೇ ನವರೋಜಿಯನ್ನು ಕುರಿತು, ಬ್ರಿಟಿಷರು ಒಬ್ಬ ಕರಿಯನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ ಎಂಬರ್ಥದ ಮಾತಾಡಿದ್ದ. ನವರೋಜಿ ಆದಮೇಲೆ ಭಾವನಗರಿ, ಆಮೇಲೆ ಸಕ್ಲತ್‌ವಾಲಾ. ಮೂವರೂ ಪಾರ್ಸಿಗಳು. ಒಬ್ಬರು ಲಿಬರಲ್, ಒಬ್ಬರು ಕನ್ಸರ್ವೇಟಿವ್, ಇನ್ನೊಬ್ಬರು ಕೊನೆಗೆ ಕಮ್ಯುನಿಸ್ಟ್. ಜಗತ್ತಿನಲ್ಲೇ ಅತಿ ಸಣ್ಣ ಸಮುದಾಯಗಳಲ್ಲೊಂದು, ಅದರೊಳಗೇ ಮೂರು ದಾರಿ. ಹಾಗಿರುವಾಗ ನೀನು ಯಾವ ಲೆಕ್ಕದಲ್ಲಿ "ನಮ್ಮೋರು" ಅಂತೀಯ?

2022ರ ಅಕ್ಟೋಬರ್ 24, ನರಕ ಚತುರ್ದಶಿ. ಅವತ್ತು ರಿಷಿ ಸುನಕ್ ಕನ್ಸರ್ವೇಟಿವ್ ಪಕ್ಷದ ನಾಯಕನಾದದ್ದು, ಮರುದಿನ ಪ್ರಧಾನಿ. ಎಣ್ಣೆ ಸ್ನಾನ ಮುಗಿಸಿದ್ದ ಅಮ್ಮ ದಾವಣಗೆರೆಯಿಂದ ವಿಡಿಯೋ ಕಾಲ್ ಮಾಡಿದಳು, ತಲೆಗೆ ಟವೆಲ್ ಇನ್ನೂ ಸುತ್ತಿಕೊಂಡೇ ಇತ್ತು. "ಸುಧಾ ಮೂರ್ತಿ ಅಳಿಯ ಪ್ರಧಾನಿ ಆದ್ನಂತಲ್ಲೇ! ಗೀತೆ ಮೇಲೆ ಕೈಯಿಟ್ಟು ಪ್ರಮಾಣ ಮಾಡೋ ಹುಡುಗ. ಇನ್ನು ನನ್ನ ವೀಸಾ ಆಗ್ತದೆ ಬಿಡು. ಹುಬ್ಬಳ್ಳಿ ಕಡೆಯಿಂದ ಯಾರಾದ್ರೂ ಒಂದು ಮಾತು ಹಾಕಿದ್ರೆ..."

ನಕ್ಕೆ. ಹೆಮ್ಮೆ ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಮಗಳ ಶಾಲೆಯಲ್ಲಿ ಅವಳ ಹೆಸರನ್ನು ಇಷ್ಟು ವರ್ಷ ತಿರುಚುತ್ತಿದ್ದವರು ದೀಪಾವಳಿ ಅಂದರೇನು ಅಂತ ಅವಳನ್ನೇ ಕೇಳಿದರು. ಅದು ಸಣ್ಣ ಸಂಗತಿ ಅಲ್ಲ. ಆದರೆ ವೀಸಾದ ಕತೆ ಬೇರೆ. ಅದೇ ಸುನಕ್ ಕಾಲದಲ್ಲಿ, 2024ರ ಜನವರಿಯಿಂದ ನಿನ್ನಂಥ ಎಂಎಸ್ಸಿ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವುದು ನಿಂತಿತು. ಆ ಏಪ್ರಿಲ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಸಂಬಳದ ಮಿತಿ 26,200 ಪೌಂಡಿನಿಂದ 38,700ಕ್ಕೆ ಹಾರಿತು, 2025ರಲ್ಲಿ ಲೇಬರ್ ಸರ್ಕಾರ ಅದನ್ನು 41,700 ಮಾಡಿತು. ಉಗಾಂಡಾದಿಂದ ಬಂದ ಗುಜರಾತಿ ಮನೆತನದ ಪ್ರೀತಿ ಪಟೇಲ್ ಗೃಹಮಂತ್ರಿಯಾಗಿ 2020ರಲ್ಲಿ ಹೊಸ ಅಂಕ ಪದ್ಧತಿ ತಂದಾಗ, ಇದರಡಿ ತನ್ನ ಅಪ್ಪ ಅಮ್ಮನಿಗೇ ಪ್ರವೇಶ ಸಿಗದೆ ಇರಬಹುದಿತ್ತು ಅಂತ ಒಪ್ಪಿಕೊಂಡಿದ್ದರು. ಬೌದ್ಧರ ಧಮ್ಮಪದದ ಮೇಲೆ ಪ್ರಮಾಣ ಮಾಡಿದ, ಭಾರತೀಯ ಮೂಲದ ಸುಯೆಲ್ಲಾ ಬ್ರೇವರ್ಮನ್ ಗೃಹಮಂತ್ರಿಯಾಗಿದ್ದಾಗ, ವೀಸಾ ಮುಗಿದರೂ ಉಳಿಯುವವರಲ್ಲಿ ಭಾರತೀಯರೇ ಹೆಚ್ಚು ಅಂದರು. ಈಚಿನದು ನೋಡು: ಗೃಹಮಂತ್ರಿಯಾಗಿ ಶಬಾನಾ ಮಹಮೂದ್, ಪಾಕಿಸ್ತಾನಿ ಮೂಲದ ಮುಸ್ಲಿಂ ಹೆಣ್ಣುಮಗಳು, 2025ರ ನವೆಂಬರ್‌ನಲ್ಲಿ ಮುಂದಿಟ್ಟ ಪ್ರಸ್ತಾಪ ಏನು ಅಂದರೆ ಕಾಯಂ ವಾಸಕ್ಕೆ ಐದರ ಬದಲು ಹತ್ತು ವರ್ಷ, ಈಗಾಗಲೇ ಇಲ್ಲಿರುವವರಿಗೂ. ನನಗೆ 2006 ನೆನಪಾಗದೆ ಇರುತ್ತಾ? ಕಾಯಂ ವಾಸದ ಹಕ್ಕನ್ನೇ ರದ್ದು ಮಾಡುತ್ತೇವೆ ಅನ್ನುವ ರಿಫಾರ್ಮ್ ಪಕ್ಷದ ಮುಂಚೂಣಿಯಲ್ಲೂ ಜಿಯಾ ಯೂಸುಫ್ ಇದ್ದಾರೆ. ಅವರ ಅಪ್ಪ ಅಮ್ಮ ಶ್ರೀಲಂಕಾದಿಂದ ಬಂದವರು.

ಹಾಗಂತ ಇವರೆಲ್ಲ ಬೆನ್ನಿಗೆ ಚೂರಿ ಹಾಕಿದರು ಅಂತ ಬೈಯಬೇಡ. ಬೈದರೆ ಮತ್ತದೇ ತಪ್ಪು ಲೆಕ್ಕ. ಪಾಕಿಸ್ತಾನಿ ಮನೆತನದ ಸಾಜಿದ್ ಜಾವಿದ್ ಗೃಹಮಂತ್ರಿಯಾಗಿದ್ದ 2018ರಲ್ಲಿ ಡಾಕ್ಟರು, ನರ್ಸುಗಳನ್ನು ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿಯಿಂದ ಹೊರಗಿಟ್ಟರು. ಆಗ ಬಂದ ಕನ್ನಡದ ಡಾಕ್ಟರುಗಳು ನಮ್ಮ ಬಳಗದಲ್ಲೇ ಇದ್ದಾರೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾ ಶುರುವಾದದ್ದು ಪ್ರೀತಿ ಪಟೇಲ್ ಕಾಲದಲ್ಲಿ. ನಿನಗೆ ಅದೂ ಪೂರ್ತಿ ಸಿಗಲ್ಲ: 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ಎಂಎಸ್ಸಿ ಮಾಡಿದ ಕಾಲ ಕಾಯಂ ವಾಸದ ಐದು ವರ್ಷದಲ್ಲಿ ಲೆಕ್ಕಕ್ಕೆ ಬರಲ್ಲ. ಏಜೆಂಟ್ ಇದನ್ನು ಹೇಳಿರಲ್ಲ.

ಅಮ್ಮನ ವಿಷಯಕ್ಕೆ ಬರ್ತೀನಿ. ಅಪ್ಪ ತೀರಿಕೊಂಡದ್ದು 2013ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 2012ರ ಜುಲೈನಲ್ಲಿ, ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುವ ನಿಯಮ ಬಿಗಿಯಾಗಿತ್ತು. ಅವರಿಗೆ ಸ್ನಾನ, ಊಟ, ಬಟ್ಟೆ ಇಂಥವಕ್ಕೆ ದಿನವೂ ಇನ್ನೊಬ್ಬರು ಬೇಕು ಅನ್ನುವಂತಿರಬೇಕು. ಆ ಆರೈಕೆ ನಾವು ದುಡ್ಡು ಕಳಿಸಿದರೂ ಊರಲ್ಲಿ ಸಿಗುವುದಿಲ್ಲ ಅಂತ ಸಾಬೀತು ಮಾಡಬೇಕು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇಟ್ಟುಕೊಂಡು ಆರೈಕೆ ಸಿಗಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ನಾನು ಚೆನ್ನಾಗಿ ದುಡಿಯುತ್ತೇನೆ, ಹೋಮ್ ನರ್ಸ್ ಇಡಬಲ್ಲೆ, ಅದೇ ಅಮ್ಮನಿಗೆ ಅಡ್ಡ. ಒಂಟಿತನಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ. ಮಂಡಿ ಆಪರೇಷನ್ ಆದಾಗ ಎದುರುಮನೆಯವರು ರಾತ್ರಿ ಮಲಗಲು ಬರುತ್ತಿದ್ದರು, ನಾನು ಇಲ್ಲಿ ಫೋನನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದೆ.

ಎಂಪಿ ಹತ್ತಿರ ಹೋಗಿದ್ದೆ. ಇಲ್ಲಿ ಎಂಪಿಗಳು ವಾರ ಎರಡು ವಾರಕ್ಕೊಮ್ಮೆ ಜನರ ಅಹವಾಲಿಗೆ ಕೂರುತ್ತಾರೆ, ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು, ಪೌರತ್ವ ಕೇಳಲ್ಲ. ನಮ್ಮ ಎಂಪಿ ಚರ್ಚಿಗೆ ಹೋಗುವ ಬಿಳಿಯ ಹೆಂಗಸು. ಪೂರ್ತಿ ಕೇಳಿಸಿಕೊಂಡರು, ನೋಟ್ಸ್ ಮಾಡಿಕೊಂಡರು, ಪತ್ರ ಬರೆದರು, ಉತ್ತರವನ್ನೂ ತರಿಸಿಕೊಟ್ಟರು. ಉತ್ತರದಲ್ಲಿದ್ದದ್ದು ನಿಯಮದ ಪ್ಯಾರಾ ಅಷ್ಟೇ. ನಮ್ಮ ಕಡೆ ಶಾಸಕರ ಲೆಟರ್‌ಹೆಡ್ಡಿಗಿರುವ ತೂಕ ಇಲ್ಲಿಯ ಪತ್ರಕ್ಕಿಲ್ಲ. ಒಂದು ರೀತಿಯಲ್ಲಿ ಅದಕ್ಕೇ ಈ ದೇಶ ನನಗೆ ಇಷ್ಟ, ಅದಕ್ಕೇ ಅಮ್ಮ ಅಲ್ಲಿದ್ದಾಳೆ.

ನಿನ್ನ ಭಯದ ಬಗ್ಗೆ. 2024ರ ಆಗಸ್ಟಿನಲ್ಲಿ ಸೌತ್‌ಪೋರ್ಟಿನ ಮೂವರು ಹೆಣ್ಣುಮಕ್ಕಳ ಕೊಲೆಗಳ ನಂತರ, ಕೊಂದವನು ಆಶ್ರಯ ಕೇಳಿ ಬಂದ ಮುಸ್ಲಿಂ ಅಂತ ಹಬ್ಬಿದ ಸುಳ್ಳು ಸುದ್ದಿಗೆ ಮಸೀದಿಗಳ ಮೇಲೆ, ಆಶ್ರಯ ಕೇಳಿ ಬಂದವರನ್ನು ಇಟ್ಟಿದ್ದ ಹೋಟೆಲುಗಳ ಮೇಲೆ ದಾಳಿ ಆಯಿತು. ಆ ವಾರ ನಮ್ಮ ಗುಡಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮಹಾಶಯರು "ನಾವು ಹಿಂದೂಗಳು ಅಂತ ಕಾಣೋ ಹಾಗೆ ಇರೋಣ, ನಮಗೇನೂ ಮಾಡಲ್ಲ" ಅಂತ ಬರೆದರು. ಇಟ್ಟಿಗೆ ಹಿಡಿದು ಬಂದವನು ಗೋತ್ರ ಕೇಳ್ತಾನಾ? ಮೆಂತ್ಯ ಸೊಪ್ಪು ಕೊಳ್ಳುವ ಪಾಕಿಸ್ತಾನಿ ಅಂಗಡಿಯವರು ನಾಲ್ಕಕ್ಕೇ ಶಟರ್ ಎಳೆದು, ನನ್ನನ್ನು ಕಾರಿನವರೆಗೆ ಬಿಟ್ಟು ಹೋದರು. ಲೆಸ್ಟರಿನಲ್ಲಿ 2022ರಲ್ಲಿ ಹಿಂದೂ ಮುಸ್ಲಿಂ ಹುಡುಗರು ಬೀದಿಗಿಳಿದ ಕತೆ ನಿನ್ನ ಕಿವಿಗೆ ಬಿದ್ದೇ ಬೀಳುತ್ತೆ, ಎರಡೂ ಕಡೆಯಿಂದ. ಕೇಳಿಸ್ಕೋ, ಫಾರ್ವರ್ಡ್ ಮಾಡಬೇಡ.

ಒಂದು ಕೆಲಸ ಮಾತ್ರ ಬಂದ ಕೂಡಲೇ ಮಾಡು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಸ್ಟೂಡೆಂಟ್ ವೀಸಾ ಮೇಲೆ ಬಂದವನಿಗೂ ಇಲ್ಲಿ ಓಟಿದೆ, ಪಾರ್ಲಿಮೆಂಟ್ ಚುನಾವಣೆಗೂ ಸೇರಿ. ಅಮೆರಿಕದಲ್ಲಿರುವ ನಿನ್ನ ಗೆಳೆಯರಿಗೆ ಹೇಳಿದರೆ ನಂಬಲ್ಲ. ಇದನ್ನೂ ತೆಗೆಯಬೇಕು ಅನ್ನುವವರಿದ್ದಾರೆ, ಅದಕ್ಕೇ ಹೇಳೋದು. ಆನ್‌ಲೈನಲ್ಲಿ ಹೆಸರು ನೋಂದಾಯಿಸು, ಬೂತಿನಲ್ಲಿ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ನಡೆಯುತ್ತೆ. ಕ್ರೆಡಿಟ್ ಸ್ಕೋರಿಗೂ ಒಳ್ಳೇದು. ಮನೆಗೆ ಬರುವ ಕರಪತ್ರದಲ್ಲಿ ಅಭ್ಯರ್ಥಿ ಗುಡಿಯಲ್ಲಿ ಆರತಿ ಹಿಡಿದಿರುವ ಫೋಟೋ ಇರುತ್ತೆ, ಅದನ್ನು ತಿರುಗಿಸಿ ವಲಸೆ ಬಗ್ಗೆ ಏನು ಬರೆದಿದ್ದಾರೆ ಓದು.

ಲಂಡನ್ನಿಗೆ ಬಂದಾಗ ಥೇಮ್ಸ್ ದಡದ ಬಸವಣ್ಣನನ್ನು ನೋಡು. ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕಲಬುರಗಿಯ ಡಾ. ನೀರಜ್ ಪಾಟೀಲ್ ಓಡಾಡಿ ನಿಲ್ಲಿಸಿದ್ದು, 2015ರಲ್ಲಿ ಮೋದಿ ಅನಾವರಣ ಮಾಡಿದ್ದು. ನದಿಯ ಆಚೆ ದಡದಲ್ಲೇ ಪಾರ್ಲಿಮೆಂಟ್.

ಅಪ್ಪ ಅಮ್ಮನ ವಿಷಯ ಹೊರಡುವ ಮುಂಚೆಯೇ ಅವರಿಗೆ ಬಿಡಿಸಿ ಹೇಳು. "ಆಮೇಲೆ ನೋಡೋಣ" ಅಂತ ತೇಲಿಸಬೇಡ, ಅವರು ಆ ಮಾತನ್ನೇ ಹಿಡಿದುಕೊಂಡು ಕಾಯುತ್ತಾರೆ. ಸಿಗೋದು ವಿಸಿಟರ್ ವೀಸಾ, ಒಂದು ಸಲಕ್ಕೆ ಆರು ತಿಂಗಳ ಮೇಲೆ ಇರುವಂತಿಲ್ಲ. ಮೇ ತಿಂಗಳಲ್ಲಿ ಕರೆಸು, ಸೆಪ್ಟೆಂಬರಿನೊಳಗೆ ಕಳಿಸು, ಚಳಿ ಅವರಿಗೆ ಆಗಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮರೀಬೇಡ, ಬಿಪಿ ಮಾತ್ರೆ ಆರು ತಿಂಗಳಿಗಾಗುವಷ್ಟು ಡಾಕ್ಟರ ಚೀಟಿ ಸಮೇತ ತರಲಿ.