ಆನ್‌ಲೈನ್‌ನಲ್ಲಿ ಫಾರ್ಸಿ ಕಲಿಸಲು ಟೆಹ್ರಾನ್ ವಾರ್ತೆ ಒಳ್ಳೆಯದೋ, ಕಾಬೂಲ್ ವಾರ್ತೆಯೋ? ಯಾವುದು ಶುದ್ಧ?

2020ರಲ್ಲಿ ಆನ್‌ಲೈನ್ ಕ್ಲಾಸ್ ಶುರು ಮಾಡುವಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಫಾರ್ಸಿ ಇರಾನಿನಲ್ಲೂ ಅಫ್ಘಾನಿಸ್ತಾನದಲ್ಲೂ ಆಡುವ ಭಾಷೆ. ನಾನು ಇರಾನಿನ ಟೆಹ್ರಾನ್ ಅಂತ ತೀರ್ಮಾನಿಸಿದೆ. ಅದರ ಪೆಟ್ಟು ಬಿದ್ದದ್ದು ನನ್ನ ವಿದ್ಯಾರ್ಥಿನಿಗೆ.

ವಿಜಯಪುರ ಕಡೆಯ ಹುಡುಗಿ. ಎಂಟು ತಿಂಗಳು ಒಂದು ಕ್ಲಾಸೂ ತಪ್ಪಿಸಲಿಲ್ಲ. ವಾರ್ತೆ ಹಾಕಿದರೆ ಪದಪದಕ್ಕೂ ಅರ್ಥ ಹೇಳುತ್ತಿದ್ದಳು. ಅದೇ ಧೈರ್ಯದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಫ್ಘಾನಿಸ್ತಾನದ ರೋಗಿಗಳಿಗೆ ದುಭಾಷಿಯಾಗಿ ಸೇರಿದಳು. ಮೊದಲ ದಿನವೇ ಹಾಸಿಗೆ ಮೇಲಿದ್ದ ಮುದುಕಿ "ಅವ್, ಅವ್" ಅಂದರಂತೆ. ಇವಳಿಗೆ ತಿಳಿಯಲಿಲ್ಲ. ಆಕೆ ಕೇಳಿದ್ದು ನೀರು. ನಾನು ಕಲಿಸಿದ್ದು "ಆಬ್". ಕಾಬೂಲಿನ ಮನೆಮಾತಿನಲ್ಲಿ ಅದು "ಅವ್". ಆಮೇಲೆ ಮಗ ಬಂದು "ತಶ್ನಾಬ್" ಎಲ್ಲಿ ಅಂತ ಕೇಳಿದ. ಶೌಚಾಲಯಕ್ಕೆ ಇರಾನಿನ "ದಸ್ತ್‌ಶೂಯಿ" ಮಾತ್ರ ಇವಳಿಗೆ ಗೊತ್ತು. ಕೊನೆಗೆ ಅವನು "ದವಾಖಾನಾ" ಅಂದಾಗ, ನಮ್ಮ ಕಡೆಯ ಮಾತೇ ಸಿಕ್ಕಿತು ಅಂತ ಖುಷಿಯಾಗಿ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋದಳು. ಕಾಬೂಲಿನಲ್ಲಿ ದವಾಖಾನಾ ಅಂದರೆ ಔಷಧಿ ಅಂಗಡಿ. ಆಸ್ಪತ್ರೆಗೆ ಶಫಾಖಾನಾ ಅನ್ನುತ್ತಾರೆ. ರಾತ್ರಿ ಫೋನ್ ಮಾಡಿ ಕೇಳಿದಳು: "ಸರ್, ನೀವು ಕಲಿಸಿದ್ದು ಫಾರ್ಸಿನೇ ಹೌದಲ್ರಿ?"

ತಪ್ಪು ದೇಶ ಆರಿಸಿದೆ ಅಂತಲೇ ನಾನೂ ಅಂದುಕೊಂಡೆ. ಮಾರನೇ ವಾರವೇ ಟೆಹ್ರಾನ್ ಬುಲೆಟಿನ್ ತೆಗೆದು ಕಾಬೂಲಿನದು ಹಾಕಿದೆ. ಮೂರು ತಿಂಗಳು ಹೋದ ಮೇಲೆ ಗೊತ್ತಾಯಿತು, ಕಾಬೂಲಿನ ವಾರ್ತಾವಾಚಕಿಯೂ ನೀರಿಗೆ "ಆಬ್" ಅಂತಲೇ ಓದುತ್ತಾಳೆ! ತಪ್ಪಿದ್ದದ್ದು ದೇಶದಲ್ಲಲ್ಲ, ಬುಲೆಟಿನ್‌ನಲ್ಲಿ. ವಾರ್ತೆ ಅಂದರೆ ಬರೆದದ್ದನ್ನು ಗಟ್ಟಿಯಾಗಿ ಓದುವುದು. ಬರಹವೂ ದನಿಯೂ ಒಂದಕ್ಕೊಂದು ಹೊಂದುತ್ತವೆ, ವೇಗ ಇಳಿಸಿ ಕೇಳಿಸಬಹುದು, ಪರೀಕ್ಷೆ ಮಾಡುವುದು ಸುಲಭ. ಅದು ನನಗೆ ಸುಲಭವಾಗಿತ್ತು, ಅದಕ್ಕೇ ಹಿಡಿದುಕೊಂಡೆ. ಟೆಹ್ರಾನಿನಲ್ಲೂ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ವಾರ್ತೆಯ "ನಾನ್" (ರೊಟ್ಟಿ) ಬಾಯಲ್ಲಿ "ನೂನ್" ಆಗುತ್ತದೆ, "ಮೀರವಮ್" (ಹೋಗುತ್ತೇನೆ) ಸವೆದು "ಮೀರಮ್" ಆಗುತ್ತದೆ. ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ ಕನ್ನಡ ಕಲಿತವರನ್ನು ಕಲಬುರಗಿಯ ಸಂತೆಯಲ್ಲಿ ನಿಲ್ಲಿಸಿ, "ಹೊಂಟೀನಿ" ಅಂದರೆ ಅವರಿಗೆ ತಿಳಿದೀತೇ?

ಹಾಗಾಗಿ ಟೆಹ್ರಾನೋ ಕಾಬೂಲೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಶುದ್ಧ ಯಾವುದು ಅನ್ನುವುದನ್ನೂ ಬಿಡಿ. ಅಫ್ಘಾನಿಸ್ತಾನದ 1964ರ ಸಂವಿಧಾನ ಅಲ್ಲಿಯ ಫಾರ್ಸಿಗೆ ದರಿ ಅಂತ ಹೆಸರು ಕೊಟ್ಟಿತು. ಜನರಲ್ಲಿ ಅನೇಕರು ಇವತ್ತಿಗೂ ಫಾರ್ಸಿ ಅಂತಲೇ ಕರೆಯುತ್ತಾರೆ. ನಿಮ್ಮ ವಿದ್ಯಾರ್ಥಿ ನಾಳೆ ಯಾರ ಎದುರು ಕೂತು ಮಾತಾಡಬೇಕು, ಅದನ್ನು ಮೊದಲು ಕೇಳಿ. ಆ ಊರಿನ ಫೋನ್-ಇನ್ ಕಾರ್ಯಕ್ರಮ, ಬೀದಿಯಲ್ಲಿ ಮೈಕ್ ಹಿಡಿದು ಕೇಳುವ ಸಂದರ್ಶನ, ಅಡುಗೆ ಕಾರ್ಯಕ್ರಮ ಹುಡುಕಿ. ಟೆಹ್ರಾನಿನ ಬಾಯಿಮಾತಿಗೆ ಅಲ್ಲಿಯ ಧಾರಾವಾಹಿಗಳು ಸಾಕು. ವಾರ್ತೆ ಆರು ತಿಂಗಳ ನಂತರ ಬರಲಿ, ಓದು ಗಟ್ಟಿಯಾಗಲು.

ಕನ್ನಡದವರಿಗೆ ಕಲಿಸುವವರಾದರೆ ಒಂದು ಅನುಕೂಲ ಇದೆ. ಇರಾನಿನಲ್ಲಿ ಹಾಲಿಗೂ ಸಿಂಹಕ್ಕೂ ಒಂದೇ ಉಚ್ಚಾರ, "ಶೀರ್". ಕಾಬೂಲಿನಲ್ಲಿ ಹಾಲು "ಶೀರ್", ಸಿಂಹ "ಶೇರ್". ಅರಬ್ಬೀ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಈ ಮತ್ತು ಏ ನಮಗೆ ಒಂದನೇ ತರಗತಿಯಿಂದಲೇ ಬೇರೆ ಬೇರೆ. ಕನ್ನಡದಲ್ಲಿ ಬರೆದು ತೋರಿಸಿದರೆ ಆಯಿತು. ಇದೇ ಭಾಷೆಯನ್ನು ತಾಜಿಕ್ ಅನ್ನುವ ತಾಜಿಕಿಸ್ತಾನದವರು ಸಿರಿಲಿಕ್ (ರಷ್ಯನ್ ಬರೆಯುವ) ಲಿಪಿಯಲ್ಲಿ ಇವೆರಡನ್ನೂ ಬೇರೆಯಾಗಿಯೇ ಬರೆಯುತ್ತಾರೆ, ಆ ಲಿಪಿ ಬಲ್ಲವರಿಗೆ ರೇಡಿಯೊ ಒಜೋದಿ ಅನ್ನುವ ಸುದ್ದಿ ಸಂಸ್ಥೆಯ ತಾಜಿಕ್ ಪುಟಗಳು ಉಚ್ಚಾರದ ಕೈಪಿಡಿ ಇದ್ದಂತೆ.

ಇಡೀ ಪಾಠವನ್ನು ಒಂದೇ ವಾಹಿನಿಯ ಮೇಲೆ ಕಟ್ಟಬೇಡಿ. 1940ರ ಡಿಸೆಂಬರ್‌ನಲ್ಲಿ ಶುರುವಾದ ಬಿಬಿಸಿಯ ಫಾರ್ಸಿ ರೇಡಿಯೊ ಕೂಡ 2023ರ ಮಾರ್ಚ್‌ನಲ್ಲಿ ನಿಂತಿತು.

ಆ ಹುಡುಗಿ ಕೆಲಸ ಬಿಡಲಿಲ್ಲ. ವಾರ್ಡಿನಲ್ಲಿ ಕೇಳಿದ ಪದಗಳನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತಾಳೆ. ಹೋದ ತಿಂಗಳು ಬಂದದ್ದು "ದಿಲ್‌ಬದಿ": ವಾಕರಿಕೆ. ಅಂಥ ಪದಗಳ ಪಟ್ಟಿ ನನ್ನ ಹತ್ತಿರ ಇದೆ. ಬೇಕಿದ್ದರೆ ಕೆಳಗೆ ಬರೆಯಿರಿ, ಕಳಿಸುತ್ತೇನೆ.